ನಂದು ಎಂದರೆ ದೀಪ ನಂದುತ್ತದೆ

ನಮ್ಮ ಮನೆಯ ನಡುಕೋಣೆಯ ಬೀರುವಿನ ಮೇಲೆ ಒಂದು ರಟ್ಟಿನ ಡಬ್ಬವಿದೆ. ಕಪ್ಪು ಬಣ್ಣದ್ದು. ಮುಚ್ಚಳದ ಮೇಲೆ ಮೂರು ಫ್ಯಾನುಗಳ ಚಿತ್ರ, ಪಕ್ಕದಲ್ಲಿ ಬೆಂಕಿ ಉಗುಳುವ ಏನೋ ಒಂದು ಪ್ರಾಣಿ. ಮನೆಗೆ ಬಂದವರು ಅದನ್ನು ಮಿಕ್ಸಿಯ ಡಬ್ಬವೋ ಪಟಾಕಿಯ ಡಬ್ಬವೋ ಎಂದುಕೊಳ್ಳುತ್ತಾರೆ. ಅದು ಗ್ರಾಫಿಕ್ಸ್ ಕಾರ್ಡಿನ ಡಬ್ಬ. ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಕೆಲಸ ಆ ಕಾರ್ಡಿನದು. ಕಾರ್ಡು ಯಂತ್ರದ ಹೊಟ್ಟೆ ಸೇರಿದ ಮೇಲೆ ಖಾಲಿ ಡಬ್ಬ ನಮ್ಮತ್ತೆಯ ಪಾಲಿಗೆ ಬಂತು. ಅದರಲ್ಲಿ ಅವರು ಏನಿಟ್ಟಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ. ನಾನಂತೂ ಕೇಳಿಲ್ಲ.

ಇವತ್ತು ಬೆಳಿಗ್ಗೆ ಆ ಡಬ್ಬದ ವಿಷಯಕ್ಕೆ ಮನೆಯಲ್ಲಿ ಒಂದು ಸಣ್ಣ ರಾದ್ಧಾಂತವಾಯಿತು. ಅದನ್ನು ಈಗಲೇ ಹೇಳುವುದಿಲ್ಲ. ಹೇಳಿದರೆ ನನ್ನ ಸಿಟ್ಟು ಇಳಿದುಬಿಡುತ್ತದೆ, ಸಿಟ್ಟು ಇಳಿದ ಮೇಲೆ ನನಗೆ ನಾಲ್ಕು ಸಾಲು ಬರೆಯಲು ಬರುವುದಿಲ್ಲ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಬರವಣಿಗೆಗೆ ಶಾಂತ ಮನಸ್ಸು ಬೇಕು ಎನ್ನುತ್ತಾರೆ. ಅವರು ಶಾಂತ ಮನಸ್ಸಿನಿಂದ ಈವರೆಗೆ ಬರೆದದ್ದು ಪ್ರಶ್ನೆಪತ್ರಿಕೆ ಮಾತ್ರ.

ನನಗೆ ಸಿಟ್ಟು ಬರಿಸುವ ಮಾತುಗಳು ಬೇಕಾದಷ್ಟಿವೆ. ಆದರೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿಸುವ ಮಾತು ಒಂದೇ. "ಎಲ್ಲಾ ನಮ್ದೇ ಅಲ್ವಾ?" ನೀವು ಗಮನಿಸಿದ್ದೀರೋ ಇಲ್ಲವೋ, ಈ ಮಾತನ್ನು ಯಾರೂ ಕೊಡುವಾಗ ಹೇಳುವುದಿಲ್ಲ, ತೆಗೆದುಕೊಳ್ಳುವಾಗ ಹೇಳುತ್ತಾರೆ. ಬೇಕಾದರೆ ನಿಮ್ಮ ಮನೆಯಲ್ಲೇ ಒಂದು ವಾರ ಕಿವಿಗೊಟ್ಟು ನೋಡಿ.

ಮೊದಲು ಈ ಮಾತು ಕೇಳಿದ್ದು ಅಪ್ಪನ ಬಾಯಲ್ಲಿ. ನಾನು ಹುಟ್ಟಿ ಬೆಳೆದದ್ದು ಕುದುರೆಮುಖದ ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಫಿಟ್ಟರ್ ಆಗಿದ್ದರು. ನಮ್ಮ ಮನೆಯ ಮಂಚ, ಮೇಜು, ಕುರ್ಚಿ, ಕೊನೆಗೆ ತಲೆಯ ಮೇಲೆ ತಿರುಗುವ ಫ್ಯಾನಿಗೂ ಬಿಳಿ ಬಣ್ಣದಲ್ಲಿ ಒಂದೊಂದು ನಂಬರು. ಕಣ್ಣಾಮುಚ್ಚಾಲೆಯಲ್ಲಿ ಮಂಚದ ಕೆಳಗೆ ಅಡಗಿದಾಗ ಬೇರೆ ಕೆಲಸವಿಲ್ಲದೆ ಆ ನಂಬರಿನ ಮೇಲೆ ಬೆರಳಾಡಿಸುತ್ತಿದ್ದೆ. ಅಂಕಿ ಬರೆಯುವುದನ್ನು ನಾನು ಕಲಿತದ್ದು ಹಾಗೆಯೇ. ಗೆಳತಿಯರ ಮನೆಗೆ ಹೋದರೆ ಅಲ್ಲಿಯೂ ಅದೇ ಮಂಚ, ಅದೇ ಮೇಜು, ನಂಬರು ಮಾತ್ರ ಬೇರೆ. ಯಾರ ಮನೆಯಲ್ಲಿ ಬೇಕಾದರೂ ಕಣ್ಣು ಮುಚ್ಚಿ ಓಡಾಡಬಹುದಿತ್ತು.

ಒಂದು ದಿನ ನಾನು ಊಟದ ಮೇಜಿನ ಅಡಿಗೆ ನುಗ್ಗಿ ಆ ನಂಬರಿನ ಪಕ್ಕದಲ್ಲಿ ಸೀಮೆಸುಣ್ಣದಿಂದ "ಇದು ನಂದು" ಎಂದು ಬರೆದೆ. ಯಾಕೆ ಬರೆದೆನೋ ನೆನಪಿಲ್ಲ. ಅಕ್ಷರ ಹೊಸದಾಗಿ ಬಂದಿತ್ತು, ಎಲ್ಲಾದರೂ ಬರೆಯಬೇಕಿತ್ತು. ಅಪ್ಪ ಬಗ್ಗಿ ನೋಡಿದರು. ಬೈಯಲಿಲ್ಲ. ಅವರಿಗೆ ಶಬ್ದಗಳ ಜೊತೆ ಆಟವಾಡುವ ಚಟ.

"ನಂದು ಅನ್ಬಾರ್ದು ಪುಟ್ಟಿ. ನಂದು ಅಂದ್ರೆ ದೀಪ ನಂದುತ್ತೆ, ಗೊತ್ತಾ? ನಮ್ದು ಅನ್ನು. ಎಲ್ಲಾ ನಮ್ದೇ ಅಲ್ವಾ?"

ಅದೇ ಸಂಜೆ ಕರೆಂಟು ಹೋಯಿತು. ಸಾಲುಮನೆಗಳ ನಮ್ಮ ಇಡೀ ಲೈನು ಕತ್ತಲಾಯಿತು. ನಾನು ಒದ್ದೆಬಟ್ಟೆ ತಂದು, ತಡಕಾಡಿಕೊಂಡು ಮೇಜಿನ ಅಡಿಗೆ ಹೋಗಿ, ಬರೆದದ್ದನ್ನೆಲ್ಲ ಒರೆಸಿ ಬಂದೆ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಆ ಮೇಲೆ ಬಹಳ ವರ್ಷ ನಾನು ಯಾವುದಕ್ಕೂ ನಂದು ಎನ್ನಲಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ಗಣಿ ನಿಂತಿತು. ಒಂದೊಂದೇ ಮನೆ ಖಾಲಿಯಾಯಿತು. ನಮ್ಮ ಸರದಿ ಬಂದಾಗ ನಂಬರು ಇದ್ದದ್ದನ್ನೆಲ್ಲ ಒಪ್ಪಿಸಿ, ನಂಬರು ಇಲ್ಲದ್ದನ್ನು ಲಾರಿಗೆ ಹಾಕಿದೆವು. ಪಾತ್ರೆಗಳು, ಹಾಸಿಗೆಯ ಸುರುಳಿಗಳು, ಅಮ್ಮನ ಹೊಲಿಗೆ ಮಿಷನ್ನು, ದೇವರ ಮಂಟಪ. ಲಾರಿ ಅರ್ಧಕ್ಕರ್ಧ ಖಾಲಿ. "ಇಷ್ಟೇನಾ ಮಾರಾಯ್ರೆ? ಇದಕ್ಕೆ ಜೀಪೇ ಸಾಕಿತ್ತಲ್ಲ" ಎಂದ ಡ್ರೈವರ್. ಅದರಲ್ಲಿ ಯಾರ ತಪ್ಪೂ ಇಲ್ಲ, ಕಂಪನಿಯ ಮಂಚ ಕಂಪನಿ ತೆಗೆದುಕೊಂಡಿತು. ನನಗೆ ಸಿಟ್ಟು ಬಂದದ್ದು ಆ ಮಾತಿನ ಮೇಲೆ. ಎಲ್ಲವೂ ನಮ್ಮದೇ ಆಗಿದ್ದರೆ ಲಾರಿ ಯಾಕೆ ತುಂಬಲಿಲ್ಲ?

ಮದುವೆಯಾಗಿ ಮೂಡಿಗೆರೆಗೆ ಬಂದೆ. ಇಲ್ಲಿ ಯಾವ ಕುರ್ಚಿಯ ಹಿಂದೆಯೂ ನಂಬರಿರಲಿಲ್ಲ. ಸದ್ಯ ಎಂದುಕೊಂಡೆ, ಮಳ್ಳಿ. ಬಂದ ತಿಂಗಳೊಳಗೆ ನನ್ನ ಛತ್ರಿ ನಮ್ದಾಯಿತು. ನನ್ನ ಚಾರ್ಜರು ನಮ್ದಾಯಿತು. ಅಮ್ಮ ಕೊಟ್ಟ ಕುಕ್ಕರು ನಮ್ದಾಗಿ, ಯಾರದೋ ಗೃಹಪ್ರವೇಶಕ್ಕೆ ಹೋಗಿ, ಅಲ್ಲೇ ಅವರದಾಯಿತು. ಕೇಳಿದರೆ ಮನೆಮಂದಿಯೆಲ್ಲ ನಗುನಗುತ್ತಾ ಅದೇ ಮಾತು. ನಗುತ್ತಾ ಹೇಳಿದ ಮಾತಿಗೆ ಜಗಳವಾಡಲೂ ಬರುವುದಿಲ್ಲ ನೋಡಿ.

ಇಡೀ ಮನೆಯಲ್ಲಿ ನಮ್ದು ಆಗದೆ ಉಳಿದದ್ದು ಒಂದೇ ವಸ್ತು. ಅತ್ತೆಯ ಮಡಿಸೀರೆ. ಹಿಂದಿನ ಕೋಣೆಯಲ್ಲಿ ಜಂತಿಗೆ ತೂಗುಬಿಟ್ಟ ಬಿದಿರಿನ ಗಳ, ಅದರ ಮೇಲೆ ಆ ಸೀರೆ. ಕೋಲಿನಿಂದಲೇ ಎತ್ತಿ ಹಾಕಬೇಕು, ಕೋಲಿನಿಂದಲೇ ಇಳಿಸಬೇಕು, ಸ್ನಾನ ಮಾಡಿ ಬಂದ ಅತ್ತೆಯ ಹೊರತು ಯಾರೂ ಮುಟ್ಟಕೂಡದು. ಮುಟ್ಟಿದರೆ ಮೈಲಿಗೆ, ಮತ್ತೆ ಒಗೆಯಬೇಕು. ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಇದೇನು ಗೊತ್ತು? ಮೊದಲ ವಾರವೇ, ಒಣಗಿದೆಯಲ್ಲ ಎಂದು ಸ್ಟೂಲು ಹತ್ತಿ, ಎಳೆದು, ನೀಟಾಗಿ ಮಡಿಸಿಟ್ಟೆ. ಮಡಿಸಿದ್ದೇ ಮಡಿ ಕೆಡಿಸಿದಂತಾಯಿತು. ಅತ್ತೆ ಬೈಯಲಿಲ್ಲ. ಬಂದ ನೆಂಟರ ಮುಂದೆಲ್ಲ "ಪಾಪ, ಕ್ವಾರ್ಟರ್ಸಿನ ಹುಡ್ಗಿ, ಅದ್ಕೆ ಎಂತ ಗೊತ್ತಿರತ್ತೆ" ಎಂದರು. ಬೈದಿದ್ದರೇ ಚೆನ್ನಾಗಿತ್ತು. ಅವತ್ತಿನಿಂದ ಆ ಗಳವನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆ ನನ್ನ ಮೈದುನ ಸುಧಿಯ ಸ್ಟುಡಿಯೋ. ಮದುವೆಯ ಫೋಟೋ, ವಿಡಿಯೋ, ಆಲ್ಬಮ್ಮು. ಈಗ ಮದುವೆಗೆ ಮುಂಚೆಯೇ ಜೋಡಿಗಳು ಇಲ್ಲೇ ಹತ್ತಿರದ ದೇವರಮನೆ ಎಂಬ ಹುಲ್ಲುಗುಡ್ಡಕ್ಕೆ ಹೋಗುತ್ತವೆ. ಗಾಳಿಗೆ ಸೆರಗು ಹಾರಬೇಕು, ಹುಡುಗ ಹುಡುಗಿಯನ್ನು ಎತ್ತಿ ತಿರುಗಿಸಬೇಕು, ಮೇಲಿಂದ ಡ್ರೋನು ನೋಡಬೇಕು. ಎತ್ತಲಾರದ ಹುಡುಗರ ಕಷ್ಟವನ್ನೆಲ್ಲ ಕತ್ತರಿಸಿ ತೆಗೆದು, ಎತ್ತಿದ ಹಾಗೆ ತೋರಿಸುವುದು ನನ್ನ ಕೆಲಸ. ಎಡಿಟಿಂಗು ನಾನೇ ನೋಡಿ ನೋಡಿ ಕಲಿತದ್ದು. ಸುಧಿ ಒಳ್ಳೆಯ ಹುಡುಗ, ಕ್ಯಾಮೆರಾ ಹಿಡಿದರೆ ಅವನಷ್ಟು ಚೆನ್ನಾಗಿ ಹಿಡಿಯುವವರು ತಾಲ್ಲೂಕಿನಲ್ಲಿಲ್ಲ. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಅವನಿಂದಲೇ ನನಗೆ ಗೊತ್ತಾದದ್ದು.

ಕಳೆದ ವರ್ಷ ಕುದುರೆಮುಖದ ಹಳಬರೆಲ್ಲ ಒಂದು ದಿನ ಕಳಸದಲ್ಲಿ ಸೇರುವುದೆಂದಾಯಿತು. ಒಬ್ಬೊಬ್ಬರು ಒಂದೊಂದು ಸಲ ಊರಿಗೆ ಹೋಗಿ ಮೊಬೈಲಿನಲ್ಲಿ ಹಿಡಿದುಕೊಂಡು ಬಂದ ತುಣುಕುಗಳನ್ನು ನನಗೆ ಕಳಿಸಿದರು. ಅವನ್ನೆಲ್ಲ ಜೋಡಿಸಿ ಅವತ್ತು ದೊಡ್ಡ ಪರದೆಯ ಮೇಲೆ ತೋರಿಸಬೇಕು. ನಾನು ಒಪ್ಪಿಕೊಂಡದ್ದು ಅಪ್ಪನಿಗಾಗಿ. ಅವರು ಚಿಕ್ಕಮಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಕಣ್ಣು ತಿಂಗಳಿಂದ ತಿಂಗಳಿಗೆ ಮಬ್ಬಾಗುತ್ತಿತ್ತು. ತೋರಿಸುವುದೇನಿದ್ದರೂ ಈಗಲೇ ತೋರಿಸಿಬಿಡಿ ಎಂದಿದ್ದರು ಡಾಕ್ಟರು. ಬಂದ ತುಣುಕುಗಳೋ, ಕೆಲವು ಕತ್ತಲು, ಕೆಲವು ಮಂಜು. ಒಂದೊಂದಕ್ಕೂ ಬೆಳಕು ಬಣ್ಣ ತಿದ್ದದಿದ್ದರೆ ಅಪ್ಪನ ಕಣ್ಣಿಗೆ ಅದು ಬರೀ ಬೂದಿ. ಹಾಗೆ ತಿದ್ದಲು ಗಟ್ಟಿ ಗ್ರಾಫಿಕ್ಸ್ ಕಾರ್ಡು ಬೇಕು. ನನ್ನ ದುಡಿಮೆಯಲ್ಲಿ ನಾನೇ ತರಿಸಿದೆ.

ಕಾರ್ಡು ಬಂತು. ಸ್ಟುಡಿಯೋದ ದೊಡ್ಡ ಕಂಪ್ಯೂಟರಿನೊಳಗೆ, ಹಳೆಯ ಪುಟ್ಟ ಕಾರ್ಡಿನ ಪಕ್ಕದಲ್ಲಿ ಕೂತಿತು. ಸಂಜೆಯೊಳಗೆ ಸುಧಿ ಊರಿಗೆಲ್ಲ ಫೋನು ಮಾಡಿ "ನಮ್ ಸ್ಟುಡಿಯೋಗೆ ಹೊಸ ಕಾರ್ಡ್ ಬಂತು ಮಾರಾಯ" ಎಂದ. ಮಾರನೆಯ ದಿನದಿಂದ ನಾನು ಹೋದಾಗಲೆಲ್ಲ ಕಾರ್ಡು ಅವನ ಕೆಲಸದಲ್ಲಿ. ಕೆಲಸವಿಲ್ಲದಾಗ ಅವನ ಗೇಮಿನಲ್ಲಿ.

"ಈಗ ಒಂಚೂರು ಬಿಜಿ ಇದೆ ಅತ್ತಿಗೆ, ಸಂಜೆ ತಗೊಳ್ಳಿ. ಎಂತ, ಎಲ್ಲಾ ನಮ್ದೇ ಅಲ್ವಾ?"

ಇನ್ನೊಂದು ತೊಡಕು ಬೇರೆ ಇತ್ತು. ಹಿಂದೊಮ್ಮೆ ವೈರಸ್ ಹೊಕ್ಕು ಒಂದು ಮದುವೆಯ ಆಲ್ಬಮ್ಮೇ ಹಾಳಾದ ಮೇಲೆ ಆ ಕಂಪ್ಯೂಟರಿನ ವಿಂಡೋಸ್ ತೆಗೆದು, ವೈರಸ್ಸಿನ ಕಾಟ ಕಡಿಮೆಯಿರುವ ಲಿನಕ್ಸನ್ನು ನಾನೇ ಹಾಕಿದ್ದೆ. ಬಣ್ಣ ತಿದ್ದುವ ನನ್ನ ಸಾಫ್ಟ್‌ವೇರು ನಡೆಯುವುದು ವಿಂಡೋಸ್‌ನಲ್ಲಿ. ಅದಕ್ಕಾಗಿ ಒಂದು ವರ್ಚುಯಲ್ ಮಷೀನು ಮಾಡಿಕೊಂಡಿದ್ದೆ. ಎಂದರೆ, ಇರುವ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರು, ಬರೀ ಲೆಕ್ಕದ್ದು, ಕೈಗೆ ಸಿಗುವಂಥದ್ದಲ್ಲ. ದೊಡ್ಡ ಯಂತ್ರ ಅದಕ್ಕೆ ತನ್ನದರಲ್ಲೇ ಒಂದಿಷ್ಟು ಮೆಮೊರಿ, ಒಂದಿಷ್ಟು ಡಿಸ್ಕು ಕೊಟ್ಟು, ಇದೆಲ್ಲ ನಿಂದೇ ಎಂದು ನಂಬಿಸುತ್ತದೆ. ಗ್ರಾಫಿಕ್ಸ್ ಕಾರ್ಡಿನ ವಿಷಯ ಬಂದಾಗ ಮಾತ್ರ ಒಂದು ಸುಳ್ಳು ಕಾರ್ಡು ತೋರಿಸುತ್ತದೆ. ನಿಜವಾದ ಕಾರ್ಡು ತನ್ನಲ್ಲೇ ಇಟ್ಟುಕೊಂಡು ಇದರ ಮೂಗಿಗೆ ತುಪ್ಪ ಸವರುತ್ತದೆ. ಒಳಗಿನ ಯಂತ್ರ ಪಾಪ, ಇದೇ ನನ್ನ ಕಾರ್ಡು ಎಂದು ನಂಬಿ, ಏದುಸಿರು ಬಿಡುತ್ತಾ ಚಿತ್ರ ತೋರಿಸುತ್ತದೆ. ಕುದುರೆಮುಖದ ಹುಲ್ಲು ತಡೆತಡೆದು ಅಲುಗಾಡುತ್ತಿತ್ತು. ಅದನ್ನು ನೋಡುತ್ತಾ ಕೂತವಳಿಗೆ ಒಮ್ಮೆಗೇ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಅಯ್ಯೋ, ಇದು ನಾನೇ ಅಲ್ಲವೇ ಎನಿಸಿತು.

ನಿಜವಾದ ಕಾರ್ಡನ್ನೇ ಒಳಗಿನ ಯಂತ್ರಕ್ಕೆ ಕೊಟ್ಟುಬಿಡುವ ಉಪಾಯವಿದೆ ಎಂದು ಇಂಟರ್ನೆಟ್ಟಿನಲ್ಲಿ ಓದಿದೆ. ಅದಕ್ಕೆ ಒಂದು ಕಟ್ಟುನಿಟ್ಟು. ಕಂಪ್ಯೂಟರು ಎದ್ದು ಕಣ್ಣುಬಿಡುವ ಹೊತ್ತಿಗೇ ಒಂದು ಕಾವಲಿನ ಪ್ರೋಗ್ರಾಮು ಹೋಗಿ ಆ ಕಾರ್ಡನ್ನು ಹಿಡಿದುಕೊಂಡಿರಬೇಕು. ದೊಡ್ಡ ಯಂತ್ರ ಒಂದು ಸಲ ಅದನ್ನು ಮುಟ್ಟಿ ತನ್ನದು ಮಾಡಿಕೊಂಡಿತೋ, ಬಿಡಿಸುವುದು ಮಹಾ ಕಷ್ಟ. ಹಂಚಿಕೊಳ್ಳುವ ಮಾತೇ ಇಲ್ಲ. ಕೊಟ್ಟರೆ ಪೂರಾ ಕೊಡಬೇಕು, ಕೊಟ್ಟ ಮೇಲೆ ಕೊಟ್ಟವನಿಗೆ ಅದು ಇಲ್ಲ. ಕೊಡುವುದು ಎಂದರೆ ಹೀಗೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸುಧಿ ಒಂದು ಮದುವೆಗೆ ಬಾಳೂರಿನ ಕಡೆ ಹೋದ ದಿನ ಕೆಲಸಕ್ಕೆ ಕೂತೆ. ಮೊದಲ ಸಲ ಒಳಗಿನ ಯಂತ್ರ ಏಳಲೇ ಇಲ್ಲ. ಕಾರ್ಡಿನ ಮೇಲೆ ಸದ್ದಿನ ಚಿಪ್ಪೂ ಒಂದಿರುತ್ತದೆ. ಚಿತ್ರ ಕೊಟ್ಟು ಸದ್ದನ್ನು ಹಿಂದೆ ಇಟ್ಟುಕೊಂಡರೆ ನಡೆಯುವುದಿಲ್ಲ, ಎರಡೂ ಒಂದೇ ಗುಂಪಿನವು, ಒಟ್ಟಿಗೇ ಬರಬೇಕು. ಅದನ್ನೂ ಸೇರಿಸಿ ಮತ್ತೆ ಶುರುಮಾಡಿದೆ. ಪರದೆಯ ಮೇಲೆ ನಾಲ್ಕು ಸಾಲು ಅಕ್ಷರ ಮೂಡಿ, ಫಕ್ಕನೆ ಕಪ್ಪಾಯಿತು. ದೀಪ ನಂದಿತು! ನಾನು ಮತ್ತೆ ಮೇಜಿನ ಅಡಿಯ ಆ ಹುಡುಗಿಯಾದೆ. ಕೈ ಒದ್ದೆಬಟ್ಟೆ ಹುಡುಕುವಂತಿತ್ತು. ಆಮೇಲೆ ಬುದ್ಧಿ ಬಂತು. ಕಾರ್ಡು ಬಿಟ್ಟುಕೊಟ್ಟ ಮೇಲೆ ಕೊಟ್ಟವನ ಪರದೆ ಕಪ್ಪಾಗಲೇಬೇಕಲ್ಲ! ಸುಧಿಯ ಪರದೆಯ ವಯರನ್ನು ಹಳೆಯ ಪುಟ್ಟ ಕಾರ್ಡಿಗೆ ಸಿಕ್ಕಿಸಿದೆ, ಅವನ ಯಂತ್ರ ಅಲ್ಲಿ ಕಂಡಿತು. ಹೊಸ ಕಾರ್ಡಿಗೆ ನನ್ನ ಪರದೆ ಸಿಕ್ಕಿಸಿ ಒಳಗಿನ ಯಂತ್ರವನ್ನು ಎಬ್ಬಿಸಿದೆ. ಕುದುರೆಮುಖದ ಹುಲ್ಲು ಗಾಳಿಗೆ ಸರಾಗವಾಗಿ ಬಾಗಿತು.

ಅತ್ತೆ ಊಟಕ್ಕೆ ಕರೆಯಲು ಬಂದವರು ಬಾಗಿಲಲ್ಲೇ ನಿಂತರು. "ಎಂತ ಮಾರಾಯ್ತಿ, ಒಬ್ಳೇ ನಗ್ತಿದೀಯ?"

ಹೇಳಿದೆ. ತಿಳಿಯುತ್ತದೆ ಎಂದು ಹೇಳಿದ್ದಲ್ಲ, ಯಾರಿಗಾದರೂ ಹೇಳಬೇಕಿತ್ತು.

"ಅಂದ್ರೆ, ಆ ದೊಡ್ಡ ಯಂತ್ರ ಏಳೋಕ್ ಮುಂಚೆನೇ ಅದನ್ನ ಎತ್ತಿ ಬೇರೆ ಇಡ್ಬೇಕು. ಅದು ಮುಟ್ತೋ, ಕೆಟ್ಟೋಯ್ತು?"

"ಹೌದು ಅತ್ತೆ."

"ಮಡಿ ಮಾಡ್ದೆ ಅನ್ನು."

ನನ್ನ ನಗು ಅಲ್ಲಿಗೇ ನಿಂತಿತು. ಇಷ್ಟು ಒದ್ದಾಡಿ ನಾನು ಮಾಡಿದ್ದು ಕೊನೆಗೂ ಆ ಹಾಳು ಗಳದ ಕೆಲಸವೇ ಎಂದು ಊಟದ ತುಂಬಾ ಮುಖ ಊದಿಸಿಕೊಂಡಿದ್ದೆ.

ಒಂದು ವಾರ ನಡೆಯಿತು. ಅವನ ಪರದೆಯಲ್ಲಿ ಅವನು, ನನ್ನ ಪರದೆಯಲ್ಲಿ ನಾನು, ಒಂದೇ ಯಂತ್ರ. ಆಲ್ಬಮ್ಮಿಗೆ ಪುಟ್ಟ ಕಾರ್ಡೇ ಸಾಕು, ಗೇಮು ಮಾತ್ರ ತೆವಳುತ್ತಿತ್ತು. ಕಳಸದ ದಿನ ಹತ್ತಿರ ಬಂತು, ಇನ್ನೂ ಅರ್ಧ ಕೆಲಸ ಬಾಕಿ. ಆಗ ಸುಧಿ ಬಂದ.

"ಅತ್ತಿಗೆ, ಆ ಕಾರ್ಡ್ ಒಂದೆರಡು ದಿನ ಬಿಡ್ಸಿ ಕೊಡಿ. ಮಲ್ಲಂದೂರಿನ ಎಸ್ಟೇಟಿನವ್ರ ಮದ್ವೆ ವಿಡಿಯೋದ ಟೀಸರ್ ಕೊಡ್ಬೇಕು."

"ಇಲ್ಲ ಸುಧಿ. ಟೀಸರ್ ಪುಟ್ಟ ಕಾರ್ಡಲ್ಲೂ ಆಗತ್ತೆ, ಸ್ವಲ್ಪ ತಡ ಅಷ್ಟೆ. ನಂದು ಆಗಲ್ಲ."

"ನಿಮ್ದು ಮನೆ ಕೆಲ್ಸ ಅತ್ತಿಗೆ, ಇದು ಕಸ್ಟಮರ್ದು. ಎಂತಕ್ಕೆ ಹಟ? ಎಲ್ಲಾ ನಮ್ದೇ ಅಲ್ವಾ?"

"ಅಲ್ಲ. ಕಾರ್ಡು ನಂದು."

ಪಕ್ಕದ ಕೋಣೆಯಲ್ಲಿ ಪೇಪರು ತಿದ್ದುತ್ತಿದ್ದ ಯಜಮಾನರ ಪೆನ್ನು ನಿಂತಿತು. ಅವರು ಎದ್ದು ಬಂದರು. "ಎಂತ ಮಾತೇ ಇದು, ನಂದು ನಿಂದು ಅಂತ? ಸಣ್ಣ ಮಕ್ಳ ಹಾಗೆ."

ಸಣ್ಣ ಮಕ್ಕಳ ಹಾಗೆ! ನಿಜ, ನಮ್ಮಲ್ಲಿ ನಂದು ಎನ್ನುವ ಹಕ್ಕಿರುವುದು ಆಟಿಕೆ ಕಿತ್ತಾಡುವ ಮಕ್ಕಳಿಗೆ ಮಾತ್ರ. ದೊಡ್ಡವರಾದ ಮೇಲೆ ಒಬ್ಬಳೇ ಮಗಳೂ ನಮ್ಮಮ್ಮ ಎನ್ನಬೇಕು, ಒಬ್ಬಳೇ ಹೆಂಡತಿಯೂ ನಮ್ಮ ಯಜಮಾನರು ಎನ್ನಬೇಕು. ಕೇಳಲು ಚೆಂದ, ನಾನೂ ಹಾಗೆಯೇ ಬರೆಯುತ್ತಿದ್ದೇನೆ. ಆದರೆ ಇದೇ ಯಜಮಾನರ ಬೈಕನ್ನು ಮನೆಯಲ್ಲಿ ಯಾರಾದರೂ ಕೇಳದೆ ಮುಟ್ಟುತ್ತಾರೆಯೇ? ಅವರ ಪೆನ್ನನ್ನು? ಸುಧಿಯ ಕ್ಯಾಮೆರಾ ಯಾವತ್ತಾದರೂ ನಮ್ದಾಗಿದೆಯೇ? ಅವರು ನಂದು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಯಾಕೆಂದರೆ ಹೇಳಬೇಕಾಗಿ ಬಂದಿಲ್ಲ. ಇದನ್ನೆಲ್ಲ ನಾನು ಆಗ ಹೇಳಬೇಕಿತ್ತು. ಹೇಳಲಿಲ್ಲ. ಸಿಟ್ಟು ಬಂದಾಗ ನನಗೆ ಮಾತಿನ ಬದಲು ಅಳು ಬರುತ್ತದೆ, ಅದು ನನ್ನ ದೊಡ್ಡ ಶನಿ. ಕಾರ್ಡು ಮಾತ್ರ ಬಿಡಲಿಲ್ಲ. ಸುಧಿ ಧುಮುಧುಮು ಎನ್ನುತ್ತಾ ಪುಟ್ಟ ಕಾರ್ಡಿನಲ್ಲೇ ಟೀಸರ್ ಮುಗಿಸಿದ.

ಮಾರನೆಯ ದಿನ ಹಿಂದಿನ ಕೋಣೆಯಿಂದ ಅತ್ತೆ ಕರೆದರು. ಕೋಲಿನಿಂದ ಸೀರೆ ಇಳಿಸುತ್ತಿದ್ದರು. ನಾನು ಅಭ್ಯಾಸದಂತೆ ಹೊಸ್ತಿಲ ಈಚೆಗೇ ನಿಂತೆ.

"ನಾನು ಈ ಮನೆಗೆ ಬಂದಾಗ ನಾಲ್ಕು ಜನ ನಾದಿನೀರು" ಎಂದರು, ಸೀರೆಯ ಮೇಲೇ ಕಣ್ಣಿಟ್ಟು. "ನನ್ ಪೆಟ್ಟಿಗೇಲಿದ್ದ ಸೀರೆನೆಲ್ಲ ಒಬ್ರಲ್ಲ ಒಬ್ರು ಉಟ್ಕೊಂಡ್ ಹೋಗೋರು. ಕೇಳಿದ್ರೆ, ಎಲ್ಲಾ ನಮ್ದೇ ಅಲ್ವಾ ಅತ್ತಿಗೆ ಅನ್ನೋರು. ತವರಿನದು ಒಂದು ಹಸಿರು ಸೀರೆ ಇತ್ತು. ಅದನ್ನ ಮಡಿಗೆ ಅಂತ ಗಳದ್ ಮೇಲೆ ಹಾಕ್ದೆ. ಅದನ್ ಮಾತ್ರ ಯಾರೂ ಮುಟ್ಲಿಲ್ಲ."

"ಹಾಗಾದ್ರೆ ಮಡಿ ದೇವ್ರಿ‌ಗಲ್ವಾ ಅತ್ತೆ?"

"ದೇವ್ರಿಗೂ ಹೌದು" ಎಂದರು. ಕೋಲನ್ನು ಗೋಡೆಗೆ ಒರಗಿಸಿ, "ಆ ಕಪ್ಪು ಡಬ್ಬ ನಿಂಗೆ ಬೇಕಾ?"

"ಬೇಡ ಅತ್ತೆ, ತಗೊಳ್ಳಿ."

ಅವತ್ತು ನನಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಇಷ್ಟು ವರ್ಷ ನಾನು ಸಿಟ್ಟು ಮಾಡಿಕೊಂಡದ್ದು ಆ ಗಳದ ಮೇಲೆ. ಒಂದು ಹಸಿರು ಸೀರೆ ಉಳಿಸಿಕೊಳ್ಳಲು ಒಬ್ಬ ಹೆಂಗಸು ದೇವರನ್ನೇ ಕಾವಲಿಗೆ ಕರೆಯಬೇಕಾಯಿತಲ್ಲ! ಆಯುಷ್ಯವಿಡೀ ತಣ್ಣೀರು ಸ್ನಾನ, ಒದ್ದೆ ಬಟ್ಟೆ, ಕೋಲು, ಮುಟ್ಟಬೇಡಿ ಮುಟ್ಟಬೇಡಿ ಎಂಬ ಕೂಗು. ನಂದು ಎಂಬ ಎರಡಕ್ಷರ ಹೇಳಲು ಬಿಟ್ಟಿದ್ದರೆ ಇದೆಲ್ಲ ಎಷ್ಟೋ ಹಗುರಾಗುತ್ತಿತ್ತು.

ಕುದುರೆಮುಖದ ತುಣುಕುಗಳ ನನ್ನ ಸಿನಿಮಾ ಮುಗಿಯಿತು. ಕಳಸದಲ್ಲಿ ಅಪ್ಪನ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದು ಕೂರಿಸಿದೆವು. ನಮ್ಮ ಲೈನು ಬಂತು, ಮುರಿದ ಗೇಟು ಬಂತು, ನಮ್ಮ ಅಡುಗೆಮನೆಯ ಕಿಟಕಿ ಬಂತು. ಅಪ್ಪ ಮುಂದಕ್ಕೆ ಬಾಗಿ ನೋಡಿದರು. "ಕಾಣ್ತು ಪುಟ್ಟಿ, ಚೆನ್ನಾಗೇ ಕಾಣ್ತು" ಎಂದರು. ಆಮೇಲೆ ನನ್ನ ಕೈ ಹಿಡಿದು, "ಎಲ್ಲಾ ನಮ್ದೇ ಆಗಿತ್ತಲ್ಲ" ಎಂದರು. ನನ್ನ ಸಿಟ್ಟನ್ನೆಲ್ಲ ಬದಿಗಿಟ್ಟು "ಹೌದಪ್ಪ" ಎಂದೆ.

ಈಗ ಬೆಳಗಿನ ವಿಷಯ. ಸುಧಿ ಯಾರಿಗೋ ಒಂದು ಲೆನ್ಸು ಕೊರಿಯರ್ ಮಾಡಬೇಕಿತ್ತು. ಗಟ್ಟಿ ಡಬ್ಬ ಹುಡುಕುತ್ತಾ ನಡುಕೋಣೆಗೆ ಬಂದು, ಸ್ಟೂಲು ಹತ್ತಿ, ಬೀರುವಿನ ಮೇಲಿನ ಕಪ್ಪು ಡಬ್ಬಕ್ಕೆ ಕೈ ಹಾಕಿದ.

"ಅಮ್ಮಾ, ಇದ್ರೊಳ್ಗಿರೋದ್ನ ಬೇರೆ ಡಬ್ಬಕ್ಕೆ ಹಾಕ್ಕೊಡ್ತೀನಿ. ಎಲ್ಲಾ ನಮ್ದೇ ಅಲ್ವಾ?"

ಅತ್ತೆ ಹಿಂದಿನ ಕೋಣೆಯಿಂದ ಕೋಲು ಹಿಡಿದೇ ಬಂದರು. ಕೋಲಿನ ತುದಿಯಿಂದ ಅವನ ಮುಂಗೈಗೆ ಮೆಲ್ಲಗೆ ತಟ್ಟಿದರು. "ಕೈ ತೆಗಿ."

ಸುಧಿ ನಕ್ಕ. "ಎಂತಮ್ಮ, ಡಬ್ಬಾನೂ ಮಡಿನಾ?"

"ಮಡಿನೂ ಇಲ್ಲ ಗಿಡಿನೂ ಇಲ್ಲ" ಎಂದರು ಅತ್ತೆ. "ಅದು ನಂದು."

ಸುಧಿ ಸ್ಟೂಲಿನಿಂದ ಇಳಿದ. ನಾನು ದೇವರ ಕೋಣೆಯ ಕಡೆ ಇಣುಕಿ ನೋಡಿದೆ. ದೀಪ ನಂದಿರಲಿಲ್ಲ.